ಮೋಡದೊಳಗಿನ ದಾರಿ: ತಡವಾಗಿ ಬರೆದ ಒಂದು ಉತ್ತರ



1997ರ ಆಷಾಢದ ಒಂದು ದಿನ. ಹುಮನಾಬಾದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಅಕ್ಷಾಂಶ, ರೇಖಾಂಶಗಳ ಪಾಠ ಮಾಡುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಆಕಾಶವು ಶಾಲೆಯ ಹೆಂಚಿಗೆ ತಾಗುವಷ್ಟು ಕೆಳಗಿಳಿದಂತೆ ತೋರುತ್ತಿತ್ತು. ಅಷ್ಟರಲ್ಲಿ ಮೋಡದ ಮೇಲೆಲ್ಲೋ ವಿಮಾನದ ಸದ್ದು ಕೇಳಿಸಿತು. ನಮ್ಮ ಕಡೆಯವರಿಗೆ ವಿಮಾನದ ಸದ್ದು ಹೊಸದಲ್ಲ. ಬೀದರಿನ ವಾಯುನೆಲೆಯ ಕಿರಣ್ ತರಬೇತಿ ವಿಮಾನಗಳು ಹುಮನಾಬಾದ, ಬಸವಕಲ್ಯಾಣಗಳ ಹೊಲಗಳ ಮೇಲೆ ಸುತ್ತುವುದನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆದವರು. ಸೂರ್ಯಕಿರಣ್ ತಂಡವು 1996ರಲ್ಲಿ ರಚನೆಯಾದದ್ದೂ ಅದೇ ಬೀದರಿನಲ್ಲಿ. ಆದರೆ ಆ ದಿನ ಕೇಳಿಸಿದ್ದು ಅಂಥ ಸದ್ದಲ್ಲ. ದೊಡ್ಡ ಪ್ರಯಾಣಿಕ ವಿಮಾನದ್ದು. ಹೈದರಾಬಾದಿನ ಕಡೆಗೆ ಹೋಗುತ್ತಿದ್ದಿರಬೇಕು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಇಷ್ಟ್ ಮೋಡದಾಗ ಅವರಿಗಿ ಇಳ್ಯಾ ದಾರಿ ಹ್ಯಾಂಗ್ ಗೊತ್ತಾಗ್ತದ್ರಿ?"

ಪಾಠ ಮುಗಿಸುವ ಅವಸರದಲ್ಲಿದ್ದ ನಾನು, "ಅವರ ಹತ್ತಿರ ರೇಡಾರ್ ಇರ್ತದವ್ವಾ, ಅದರಾಗ ಎಲ್ಲಾ ಕಾಣ್ತದ. ಕುಂದ್ರು," ಎಂದುಬಿಟ್ಟೆ. ಅವಳು ಕುಳಿತಳು. ಮುಖದಲ್ಲಿ ಸಮಾಧಾನವಿರಲಿಲ್ಲ. ನನ್ನ ಉತ್ತರ ತಪ್ಪು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಓದಲು ಪುರುಸೊತ್ತು ಸಿಕ್ಕಿದಾಗ. ವಿಮಾನವನ್ನು ತೋರಿಸುವ ರೇಡಾರ್ ಇರುವುದು ನೆಲದ ಮೇಲಿನ ನಿಯಂತ್ರಕರ ಬಳಿ. ವಿಮಾನದ ಮೂತಿಯಲ್ಲಿರುವ ರೇಡಾರ್ ತೋರಿಸುವುದು ಮುಖ್ಯವಾಗಿ ಮಳೆಮೋಡಗಳನ್ನು. ಓಡುದಾರಿಯನ್ನು ತೋರಿಸುವುದು ಅದರ ಕೆಲಸವಲ್ಲ. ವಿಚಿತ್ರವೆಂದರೆ, ಆ ಹುಡುಗಿಯ ಪ್ರಶ್ನೆಗೆ ಉತ್ತರ ಆ ದಿನ ನಾನು ಕಪ್ಪುಹಲಗೆಯ ಮೇಲೆ ಎಳೆದಿದ್ದ ಗೆರೆಗಳಲ್ಲಿಯೇ ಇತ್ತು. ಅದಕ್ಕಿಂತ ವಿಚಿತ್ರವೆಂದರೆ, ಆ ಉತ್ತರದ ಬೇರು ನಮ್ಮ ಬೀದರಿನ ನೆಲದಲ್ಲಿಯೇ ಇತ್ತು.

ಮೊದಲು ಹಳೆಯ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಅಂಚೆಚೀಲ ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ಹಾರಿಸಿದಾಗ ದಾರಿ ಹೇಳಲು ನೆಲದ ಗುರುತುಗಳ ಹೊರತು ಹೆಚ್ಚೇನೂ ಇರಲಿಲ್ಲ. ಆದರೆ ಹೊರಗೆ ನೋಡದೆ, ಕೇವಲ ಉಪಕರಣಗಳನ್ನು ನೋಡಿ ಹಾರಬಹುದೆಂಬುದು ಆ ವೇಳೆಗೆ ಸಾಬೀತಾಗಿತ್ತು. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟಲ್ ಎಂಬ ಅಮೆರಿಕದ ವೈಮಾನಿಕನು ತಾನು ಕುಳಿತ ಜಾಗಕ್ಕೆ ಪೂರ್ತಿ ಮುಸುಕು ಹಾಕಿಸಿಕೊಂಡು, ಏರಿ, ತಿರುಗಿ, ಮತ್ತೆ ಇಳಿದು ತೋರಿಸಿದ್ದನು. ಅದೇ ಕಾಲದಲ್ಲಿ ಅಂಚೆ ವಿಮಾನ ನಡೆಸುತ್ತಿದ್ದ ಎಲ್ರೆ ಜೆಪ್ಪೆಸನ್ ಎಂಬಾತ ಜೇಬಿನಲ್ಲಿ ಒಂದು ಕರಿ ರಟ್ಟಿನ ಪುಸ್ತಕ ಇಟ್ಟುಕೊಂಡು, ಯಾವ ಊರಿನ ಬಳಿ ಯಾವ ಗುಡ್ಡ, ಎಷ್ಟು ಎತ್ತರ, ಯಾವ ದಿಕ್ಕಿನಿಂದ ಇಳಿದರೆ ಕ್ಷೇಮ ಎಂದು ಬರೆದಿಡುತ್ತಿದ್ದನು. ಸಹೋದ್ಯೋಗಿಗಳು ಅದರ ಪ್ರತಿ ಕೇಳತೊಡಗಿದರು. 1934ರಿಂದ ಹತ್ತು ಡಾಲರಿಗೆ ಒಂದರಂತೆ ಮಾರತೊಡಗಿದನು. ಇಂದಿಗೂ ಜಗತ್ತಿನ ಅನೇಕ ವಿಮಾನ ಚಾಲಕರು ಬಳಸುವ ನಕ್ಷೆಗಳಿಗೆ ಅವನದೇ ಹೆಸರು. ನೋಟ್ಸ್ ಬರೆದುಕೊಳ್ಳುವ ಅಭ್ಯಾಸ ಬಿಡಬೇಡಿ ಎಂದು ನಾನು ನಿಮಗೆ ಎಷ್ಟು ಬಾರಿ ಹೇಳಿರಲಿಲ್ಲ!

ಆನಂತರ ರೇಡಿಯೋ ಕೇಂದ್ರಗಳು ಬಂದವು. ನೆಲದ ಮೇಲೆ ಒಂದು ಕೇಂದ್ರ ಸಂಕೇತ ಬಿತ್ತರಿಸುತ್ತದೆ. ವಿಮಾನದಲ್ಲಿನ ಮುಳ್ಳು ಅದರ ದಿಕ್ಕನ್ನು ತೋರಿಸುತ್ತದೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಪ್ರತಿ ನಿಲ್ದಾಣಕ್ಕೂ ಹೋಗಿ ಹೊರಡುವ ನಮ್ಮ ಕೆಂಪು ಬಸ್ಸಿನಂತೆ ವಿಮಾನಗಳು ಸಾಗುತ್ತಿದ್ದವು. ದೊಡ್ಡ ನಿಲ್ದಾಣಗಳಲ್ಲಿ ಓಡುದಾರಿಯ ನೇರಕ್ಕೂ ಇಳಿಜಾರಿಗೂ ಎರಡು ರೇಡಿಯೋ ಕಿರಣಗಳನ್ನು ಹಾಯಿಸುವ ವ್ಯವಸ್ಥೆ ಬಂದಿತು. ಅದಕ್ಕೆ ಐ.ಎಲ್.ಎಸ್. ಎನ್ನುತ್ತಾರೆ. ಮೋಡದೊಳಗೆ ಆ ಎರಡು ಕಿರಣಗಳು ಕೂಡುವ ಗೆರೆಯನ್ನು ಹಿಡಿದು ಇಳಿಯಬೇಕು. ಸಾಮಾನ್ಯವಾಗಿ ಆ ಇಳಿಜಾರು ಮೂರು ಡಿಗ್ರಿ. ತ್ರಿಕೋನಮಿತಿ ಮರೆಯದವರು ಲೆಕ್ಕ ಹಾಕಿ ನೋಡಬಹುದು: ಒಂದು ಕಿಲೋಮೀಟರ್ ಮುಂದೆ ಹೋದರೆ 52 ಮೀಟರ್ ಕೆಳಗೆ. ಇಂದಿಗೂ ಇದು ಉತ್ತಮ ವ್ಯವಸ್ಥೆಯೇ. ಆದರೆ ಓಡುದಾರಿಯ ಪ್ರತಿಯೊಂದು ತುದಿಗೂ ಬೇರೆಯೇ ಯಂತ್ರ, ಅದಕ್ಕೆ ತಕ್ಕ ಸಮತಟ್ಟಾದ ಜಾಗ, ನಿರಂತರ ಉಸ್ತುವಾರಿ ಬೇಕು. ದಿನಕ್ಕೊಂದು ವಿಮಾನ ಬರುವ ಚಿಕ್ಕ ಊರಿಗೆ ಅದು ಭಾರವಾದ ಖರ್ಚು.

ಜಿಪಿಎಸ್ ಬಂದದ್ದು ಈ ಹಿನ್ನೆಲೆಯಲ್ಲಿ. ಮೊದಲು ಅದು ಅಮೆರಿಕದ ಸೈನ್ಯದ ಸೊತ್ತು. ಮೊದಲ ಉಪಗ್ರಹ 1978ರಲ್ಲಿ ಹಾರಿತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಅದಾದ ಕೆಲವೇ ದಿನಗಳಲ್ಲಿ ಅಧ್ಯಕ್ಷ ರೇಗನ್ನರ ಸರ್ಕಾರವು ಈ ವ್ಯವಸ್ಥೆಯನ್ನು ನಾಗರಿಕರಿಗೂ ಉಚಿತವಾಗಿ ತೆರೆಯುವುದಾಗಿ ಪ್ರಕಟಿಸಿತು. 1995ರಲ್ಲಿ ಅದು ಪೂರ್ಣಗೊಂಡಿತು. ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದರು.

ಅದರ ತತ್ತ್ವ ಸರಳ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂದು ಸಾರುತ್ತಿರುತ್ತದೆ. ಸಂಕೇತ ತಲುಪಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳು ಕಂಡರೆ ಸ್ಥಳವೂ ಸಮಯವೂ ಸಿಕ್ಕುತ್ತವೆ. ಐದನೆಯದು ಏಕೆ ಬೇಕೆಂದರೆ, ನಾಲ್ವರಲ್ಲಿ ಯಾರಾದರೂ ಸುಳ್ಳು ಹೇಳುತ್ತಿದ್ದಾರೆಯೇ ಎಂದು ಪತ್ತೆ ಹಚ್ಚಲು; ಆರನೆಯದಿದ್ದರೆ ಆ ಸುಳ್ಳುಗಾರ ಯಾರೆಂದು ಗುರುತಿಸಿ ಹೊರಗಿಡಬಹುದು. ಮೋಡದಲ್ಲಿ ಇಳಿಯುವ ವಿಮಾನಕ್ಕೆ ಸ್ಥಳ ತಿಳಿಯುವುದಷ್ಟೇ ಸಾಲದು, ತಿಳಿದದ್ದು ನಂಬಲರ್ಹವೇ ಎಂಬುದೂ ತಿಳಿಯಬೇಕು.

ಇನ್ನು ದಾರಿಯ ವಿಷಯ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವನು ಸಸ್ತಾಪುರ ಬಂಗ್ಲಾದಲ್ಲಿ ಬಲಕ್ಕೆ ತಿರುಗಿದರೆ ಬಸವಕಲ್ಯಾಣ ಸೇರುತ್ತಾನೆ. ಬಂಗ್ಲಾ ಎಂಬುದು ಕಣ್ಣಿಗೆ ಕಾಣುವ ಗುರುತು. ಜಿಪಿಎಸ್ ದಾರಿಯಲ್ಲಿ ಇಂಥ ತಿರುವುಗಳೆಲ್ಲ ಬರಿಯ ಅಕ್ಷಾಂಶ, ರೇಖಾಂಶಗಳ ಬಿಂದುಗಳು. ಅಲ್ಲಿ ಕಂಬವಿಲ್ಲ, ದೀಪವಿಲ್ಲ, ರೇಡಿಯೋ ಕೇಂದ್ರವೂ ಇಲ್ಲ. ಪ್ರತಿ ಬಿಂದುವಿಗೆ ಉಚ್ಚರಿಸಲು ಬರುವ ಐದಕ್ಷರದ ಒಂದು ಹೆಸರು. ನೆಲ ಬಿಟ್ಟ ಮೇಲೆ ಯಾವ ಬಿಂದುವಿಗೆ ಹೋಗಿ, ಯಾವ ಎತ್ತರ ದಾಟಿ, ಎಲ್ಲಿ ಹೆದ್ದಾರಿ ಸೇರಬೇಕು ಎಂಬುದನ್ನು ಹೇಳುವುದು ನಿರ್ಗಮನದ ಕ್ರಮ. ಹೆದ್ದಾರಿಯಿಂದ ಇಳಿದು ನಿಲ್ದಾಣದ ಸಮೀಪಕ್ಕೆ ತರುವುದು ಆಗಮನದ ಕ್ರಮ. ಅಲ್ಲಿಂದ ಓಡುದಾರಿಯ ಹೊಸ್ತಿಲಿನವರೆಗೆ ಕರೆತರುವುದು ಇಳಿಕೆಯ ಕ್ರಮ. ಮೊದಲೆರಡರಲ್ಲಿ ಸಾಮಾನ್ಯವಾಗಿ ವಿಮಾನವು ಗೆರೆಯ ಎರಡೂ ಬದಿಗೆ ಒಂದು ನಾವಿಕ ಮೈಲಿಯೊಳಗೆ ಇರಬೇಕು. ಕೊನೆಯ ಇಳಿಕೆಯಲ್ಲಿ 0.3 ಮೈಲಿ, ಅಂದರೆ ಸುಮಾರು 555 ಮೀಟರಿನೊಳಗೆ. ನಿಗದಿತ ಎತ್ತರಕ್ಕೆ ಬಂದಾಗ ಓಡುದಾರಿ ಕಣ್ಣಿಗೆ ಬೀಳದಿದ್ದರೆ ಇಳಿಯುವಂತಿಲ್ಲ, ಮೇಲೇರಿ ಹೋಗಬೇಕು. ಆ ಮೇಲೇರುವ ದಾರಿಯನ್ನೂ ಮೊದಲೇ ಬರೆದಿಟ್ಟಿರುತ್ತಾರೆ.

ಈ ಬಿಂದುಗಳ ಪಟ್ಟಿಯು ವಿಮಾನದ ಗಣಕದಲ್ಲಿರುತ್ತದೆ. 28 ದಿನಕ್ಕೊಮ್ಮೆ ಹೊಸದು ಬರುತ್ತದೆ. ಪಟ್ಟಿ ಎಂದ ಮೇಲೆ ಹಾಜರಿ ಪುಸ್ತಕದ ತೊಂದರೆ ತಪ್ಪದು. ನಮ್ಮ ಕಲ್ಯಾಣದ ಸೀಮೆಯಲ್ಲಿ ಒಂದೊಂದು ತರಗತಿಗೆ ನಾಲ್ಕು ಬಸವರಾಜರು. "ಬಸವರಾಜ" ಎಂದರೆ ನಾಲ್ವರೂ "ಹಾಜರ್ ಸರ್" ಎನ್ನುತ್ತಿದ್ದರು. ನಗುವ ಮಾತಲ್ಲ. 1995ರ ಡಿಸೆಂಬರ್ 20ರಂದು ಕೊಲಂಬಿಯಾದ ಕಾಲಿ ಎಂಬ ಊರಿಗೆ ಇಳಿಯುತ್ತಿದ್ದ ಅಮೆರಿಕನ್ ವಿಮಾನದ ಚಾಲಕರು 'ರೋಜೋ' ಎಂಬ ರೇಡಿಯೋ ಕೇಂದ್ರಕ್ಕೆ ಹೋಗಲು ನಕ್ಷೆಯಲ್ಲಿದ್ದ 'ಆರ್' ಎಂಬ ಅಕ್ಷರವನ್ನು ಗಣಕಕ್ಕೆ ಕೊಟ್ಟರು. ಗಣಕದ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಮೊದಲು ಬಂದದ್ದು ನೂರು ಮೈಲಿಗೂ ದೂರದ, ಬೊಗೋಟಾ ಬಳಿಯ 'ರೋಮಿಯೋ' ಕೇಂದ್ರ. ವಿಮಾನವು ಕತ್ತಲಲ್ಲಿ ತಾನೇ ತಾನಾಗಿ ಪೂರ್ವಕ್ಕೆ ತಿರುಗಿತು. ಚಾಲಕರು ತಪ್ಪನ್ನು ತಿಳಿದು ಹಿಂದಿರುಗುವಷ್ಟರಲ್ಲಿ ಬೆಟ್ಟ ಎದುರಾಯಿತು. 159 ಜನ ಮಡಿದರು, ನಾಲ್ವರು ಮಾತ್ರ ಉಳಿದರು. ಉಪಕರಣ ಕೆಟ್ಟಿರಲಿಲ್ಲ. ಅದು ತನಗೆ ಹೇಳಿದ ಕಡೆಗೆ ನಿಷ್ಠೆಯಿಂದ ಹೊರಟಿತ್ತು.

ಹೆಸರಿನ ಗೊಂದಲ ಒಂದು ಬಗೆಯದು. ಅಂಕಿಗಳ ಗೊಂದಲ ಇನ್ನೊಂದು ಬಗೆಯದು, ಹೆಚ್ಚು ಗುಪ್ತವಾದದ್ದು. ಅಕ್ಷಾಂಶ, ರೇಖಾಂಶ ಎಂದು ನಾವು ಹೇಳುವಾಗ ಭೂಮಿಯ ಆಕಾರವನ್ನು ಮೊದಲೇ ಒಪ್ಪಿಕೊಂಡಿರುತ್ತೇವೆ. ಯಾವ ಆಕಾರ? ಬೀದರಿನ ಕಥೆ ಬರುವುದು ಇಲ್ಲಿ.

ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದನು. ನೆಲದ ಮೇಲೆ ಕೆಲವು ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅತ್ಯಂತ ಜಾಗರೂಕತೆಯಿಂದ ಅಳೆಯುವುದು. ಅದರ ತುದಿಗಳಿಂದ ದೂರದ ಗುಡ್ಡಕ್ಕೆ ಕೋನ ಹಿಡಿಯುವುದು. ಒಂದು ಭುಜ, ಎರಡು ಕೋನ ತಿಳಿದರೆ ತ್ರಿಭುಜವೆಲ್ಲ ತಿಳಿಯಿತು. ಹೀಗೆ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಸಾಗಿದರು. ದಾರಿಯಲ್ಲಿ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಮತ್ತೆ ನೆಲದ ಮೇಲೆ ಗೆರೆ ಅಳೆಯಬೇಕು. ಅಂಥ ಒಂದು ಗೆರೆಯನ್ನು ಲ್ಯಾಂಬ್ಟನ್ 1815ರಲ್ಲಿ ಅಳೆದದ್ದು ನಮ್ಮ ಬೀದರ ಸೀಮೆಯಲ್ಲಿ. ಬೀದರಿನ ಉತ್ತರಕ್ಕಿರುವ ದಾಮರಗಿದ್ದ ಎಂಬಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿಶ್ಚಯಿಸಿದರು: 18 ಡಿಗ್ರಿ 3 ಮಿನಿಟು. 1841ರಲ್ಲಿ ಆಂಡ್ರೂ ವಾ ಎಂಬಾತ ಬೀದರಿನಲ್ಲಿ ಮತ್ತೊಮ್ಮೆ ಆಧಾರರೇಖೆ ಅಳೆದನು. ಈ ಬಾರಿ ಸರಪಳಿಯಲ್ಲ, ಕಬ್ಬಿಣ ಮತ್ತು ಹಿತ್ತಾಳೆಯ ಪಟ್ಟಿಗಳನ್ನು ಜೋಡಿಸಿದ ಅಳತೆಗೋಲುಗಳು. ಬಿಸಿಲಿಗೆ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಉಪಯೋಗಿಸಿಕೊಂಡು, ಎರಡು ಚುಕ್ಕೆಗಳ ನಡುವಣ ಅಂತರ ಮಾತ್ರ ಬದಲಾಗದಂತೆ ಮಾಡಿದ ಯುಕ್ತಿ ಅದು. ಏಳು ಮೈಲಿಗೂ ಮಿಕ್ಕ ಆ ಗೆರೆಯಲ್ಲಿ, ನೂರಾರು ಮೈಲಿ ದೂರದ ಉತ್ತರದಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವು ಅಂಗುಲಗಳು ಮಾತ್ರ. ಬೀದರಿನ ಬಿಸಿಲನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಸರಪಳಿ ಎಳೆದವರು, ದೀಪ ಹಿಡಿದು ಗುಡ್ಡದ ಮೇಲೆ ರಾತ್ರಿ ಕಳೆದವರು ನಮ್ಮವರೇ. ಅವರ ಹೆಸರುಗಳನ್ನು ಯಾವ ನಕ್ಷೆಯ ಮೇಲೂ ಬರೆಯಲಿಲ್ಲ.

ದಾಮರಗಿದ್ದದಿಂದ ಮಧ್ಯಪ್ರದೇಶದ ಸಿರೋಂಜ್ ಬಳಿಯ ಕಲಿಯಾನಪುರದವರೆಗಿನ ಈ ಕಮಾನಿನ ವಿವರವನ್ನು ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದನು. ಅದರ ಬಲದಿಂದ ಭೂಮಿಗೆ ಒಂದು ಗಣಿತಾಕೃತಿಯನ್ನು ಕೊಟ್ಟನು: ಸಮಭಾಜಕದಲ್ಲಿ ತ್ರಿಜ್ಯ ಸುಮಾರು 6,377.276 ಕಿಲೋಮೀಟರ್. ಭಾರತದ ನಕ್ಷೆಗಳೆಲ್ಲ ತಲೆಮಾರುಗಳ ಕಾಲ ನಿಂತದ್ದು ಎವರೆಸ್ಟನ ಈ ಆಕೃತಿಯ ಮೇಲೆ, ಎಂದರೆ ಒಂದು ಅರ್ಥದಲ್ಲಿ ಬೀದರಿನ ಮಣ್ಣಿನ ಮೇಲೆ.

ಆದರೆ ಉಪಗ್ರಹಗಳು ಬೇರೆ ಆಕೃತಿಯನ್ನು ಬಳಸುತ್ತವೆ. ಡಬ್ಲ್ಯುಜಿಎಸ್-84 ಎಂಬ ಅದರಲ್ಲಿ ತ್ರಿಜ್ಯ 6,378.137 ಕಿಲೋಮೀಟರ್. ವ್ಯತ್ಯಾಸ 861 ಮೀಟರ್. ಎರಡರ ಕೇಂದ್ರಗಳೂ ಒಂದೇ ಕಡೆ ಇಲ್ಲ. ಪರಿಣಾಮವಾಗಿ ಒಂದೇ ಸ್ಥಳಕ್ಕೆ ಎರಡು ಪದ್ಧತಿಗಳಲ್ಲಿ ಬೇರೆ ಬೇರೆ ಅಕ್ಷಾಂಶ, ರೇಖಾಂಶಗಳು ಬರುತ್ತವೆ. ನಮ್ಮ ಕಡೆ ಈ ಅಂತರ ನೂರು ಮೀಟರಿಗೂ ಹೆಚ್ಚು. ದೊಡ್ಡ ಓಡುದಾರಿಯ ಅಗಲ 45 ಮೀಟರ್. ಹಳೆಯ ನಕ್ಷೆಯಿಂದ ಓಡುದಾರಿಯ ತುದಿಯ ಅಂಕಿಗಳನ್ನು ಓದಿ ಯಾರಾದರೂ ಹಾಗೆಯೇ ವಿಮಾನದ ಗಣಕಕ್ಕೆ ತುಂಬಿದರೆ, ಉಪಗ್ರಹಗಳು ಸರಿಯಾಗಿಯೇ ಇರುತ್ತವೆ, ಸರ್ವೇಕ್ಷಕನ ಅಳತೆಯೂ ಸರಿಯಾಗಿಯೇ ಇರುತ್ತದೆ, ಆದರೆ ಮೋಡ ಹರಿದಾಗ ಚಾಲಕನ ಮುಂದೆ ಓಡುದಾರಿಯ ಬದಲು ಪಕ್ಕದ ಜೋಳದ ಹೊಲ ಇರುತ್ತದೆ. ಈ ಕಾರಣಕ್ಕಾಗಿಯೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1998ರ ಜನವರಿ 1ರಿಂದ ವಿಮಾನಯಾನದ ಎಲ್ಲ ಅಂಕಿಗಳೂ ಡಬ್ಲ್ಯುಜಿಎಸ್-84ರಲ್ಲಿಯೇ ಇರಬೇಕೆಂದು ನಿಯಮ ಮಾಡಿತು. ಆ ಹುಡುಗಿ ಪ್ರಶ್ನೆ ಕೇಳಿದ ಆರು ತಿಂಗಳಿಗೆ! ಸರ್ವೇ ಆಫ್ ಇಂಡಿಯಾ ಕೂಡ 2005ರ ರಾಷ್ಟ್ರೀಯ ನಕ್ಷಾ ನೀತಿಯ ಪ್ರಕಾರ ಸಾರ್ವಜನಿಕರ ನಕ್ಷೆಗಳನ್ನು ಇದೇ ಪದ್ಧತಿಗೆ ತಂದಿತು.

ಎತ್ತರದಲ್ಲೂ ಇಂಥದೇ ತೊಡಕು. ಭಾರತದ ದಕ್ಷಿಣದ ಸಾಗರದಲ್ಲಿ ಭೂಮಿಯ ಗುರುತ್ವ ತುಸು ಕಡಿಮೆ; ಅದರಿಂದ ನಮ್ಮ ಭಾಗದಲ್ಲಿ ಸಮುದ್ರಮಟ್ಟವೆಂಬುದು ಗಣಿತಾಕೃತಿಯ ಮೈಗಿಂತ ಎಪ್ಪತ್ತು, ಎಂಬತ್ತು ಮೀಟರ್ ಕೆಳಗೆ ತಗ್ಗಿಕೊಂಡಿದೆ. ಜಿಪಿಎಸ್ ನೇರವಾಗಿ ಹೇಳುವ ಎತ್ತರಕ್ಕೂ ನಾವು ಬಳಸುವ ಎತ್ತರಕ್ಕೂ ಅಷ್ಟು ವ್ಯತ್ಯಾಸವನ್ನು ಸರಿಪಡಿಸಿಕೊಳ್ಳಲೇಬೇಕು.

ಜಿಪಿಎಸ್ ಒಂದರಿಂದಲೇ ಮೂರು ಡಿಗ್ರಿಯ ಇಳಿಜಾರನ್ನು ನಂಬಿ ಇಳಿಯುವಷ್ಟು ನಿಖರತೆ ಬರುವುದಿಲ್ಲ. ಸಂಕೇತಗಳು ಮೇಲಿನ ಅಯಾನುಗೋಳವನ್ನು ದಾಟುವಾಗ ತಡವಾಗುತ್ತವೆ. ಭೂಕಾಂತೀಯ ಸಮಭಾಜಕವು ನಮ್ಮ ದೇಶದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಆ ಪದರದ ಕಲಕಾಟ ಇಲ್ಲಿ ಹೆಚ್ಚು, ಅದರಲ್ಲೂ ಸೂರ್ಯಾಸ್ತದ ನಂತರ. ಇದನ್ನು ತಿದ್ದಲು ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಸೇರಿ ಕಟ್ಟಿದ ವ್ಯವಸ್ಥೆಯ ಹೆಸರು ಗಗನ್. ಬಲು ಒಪ್ಪುವ ಹೆಸರು. ದೇಶದ ಹದಿನೈದು ಕಡೆ ಸ್ಥಾನ ನಿಖರವಾಗಿ ತಿಳಿದ ಕೇಂದ್ರಗಳಿವೆ. ಉಪಗ್ರಹಗಳ ಸಂಕೇತಗಳಿಂದ ತಾನು ಪಡೆದ ಅಳತೆಗಳನ್ನು ಪ್ರತಿ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಗೆ ಕಳುಹಿಸುತ್ತದೆ. ಅಲ್ಲಿ ತಿದ್ದುಪಡಿ ಸಿದ್ಧವಾಗಿ ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳಿಗೆ ಮರಳುತ್ತದೆ. ಉತ್ತರಪತ್ರಿಕೆ ಎಣಿಸಿ ತಿದ್ದಿ ಹಿಂದಿರುಗಿಸಿದಂತೆ. ದಾರಿ ನಡೆಸಲು 2013ರ ಡಿಸೆಂಬರಿನಲ್ಲಿ, ಇಳಿಜಾರು ಹಿಡಿದು ಇಳಿಯಲು 2015ರ ಏಪ್ರಿಲಿನಲ್ಲಿ ಇದಕ್ಕೆ ಪ್ರಮಾಣಪತ್ರ ದೊರೆಯಿತು. 2022ರ ಏಪ್ರಿಲಿನಲ್ಲಿ ಇಂಡಿಗೋದ ಎಟಿಆರ್ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿದು ತೋರಿಸಿತು. ದೊಡ್ಡ ಯಂತ್ರಗಳಿಲ್ಲದ ಸಣ್ಣ ನಿಲ್ದಾಣಗಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. 2019ರ ನವೆಂಬರಿನಲ್ಲಿ ಕಲಬುರಗಿಯ ನಿಲ್ದಾಣ, 2020ರ ಫೆಬ್ರುವರಿಯಲ್ಲಿ ಬೀದರಿನ ನಾಗರಿಕ ಟರ್ಮಿನಲ್ ಉದ್ಘಾಟನೆಯಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬೀದರಿನ ವಿಮಾನ ನಡುನಡುವೆ ನಿಂತು ಮತ್ತೆ ಹೊರಟದ್ದು ಬೇರೆ ವಿಷಯ; ಅದು ಮೋಡದ ತೊಂದರೆಯಲ್ಲ, ಲಾಭನಷ್ಟದ ತೊಂದರೆ.

ಹಾಗೆಂದು ಹಳೆಯ ರೇಡಿಯೋ ಕೇಂದ್ರಗಳನ್ನು ಕಿತ್ತೆಸೆಯುವಂತಿಲ್ಲ. ಉಪಗ್ರಹದ ಸಂಕೇತ ನಮ್ಮನ್ನು ತಲುಪುವ ವೇಳೆಗೆ ಬಹಳ ದುರ್ಬಲವಾಗಿರುತ್ತದೆ. ಹತ್ತಿರದಿಂದ ಯಾರಾದರೂ ಜೋರಾಗಿ ಹುಸಿ ಸಂಕೇತ ಬಿಟ್ಟರೆ ಯಂತ್ರ ಅದನ್ನೇ ನಂಬಬಹುದು. 2025ರ ನವೆಂಬರಿನಲ್ಲಿ ದೆಹಲಿಯ ಬಳಿ ಜಿಪಿಎಸ್ ಆಧಾರಿತ ಕ್ರಮದಲ್ಲಿ ಇಳಿಯಲು ಬರುತ್ತಿದ್ದ ಕೆಲವು ವಿಮಾನಗಳಿಗೆ ಹೀಗಾಯಿತೆಂದು ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಆಗ ಕೈಹಿಡಿದದ್ದು ನೆಲದ ಮೇಲಿನ ಹಳೆಯ ವ್ಯವಸ್ಥೆಗಳು.

ಕಳೆದ ಶ್ರಾವಣದಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನದಲ್ಲಿ ಬಂದೆ. ಕಿಟಕಿಯ ಹೊರಗೆ ಬಿಳಿಯ ಗೋಡೆ. ಬಹಳ ಹೊತ್ತಿನ ಮೇಲೆ ಅದು ಹರಿದು, ಬಂಡೆಗಳೂ ನೀರು ತುಂಬಿದ ಗದ್ದೆಗಳೂ ಕಾಣಿಸಿ, ನೋಡನೋಡುತ್ತಲೇ ಗಾಲಿಗಳು ನೆಲಕ್ಕೆ ತಾಗಿದವು. ಮನೆಗೆ ಬಂದವನೇ ನನ್ನ ಬಳಿ ಉಳಿದಿದ್ದ ಹಳೆಯ ಸರ್ವೇ ನಕ್ಷೆಯನ್ನು ಬಿಡಿಸಿ, ಮೊಮ್ಮಗನ ಮೊಬೈಲಿನಲ್ಲಿ ನಮ್ಮ ಅಂಗಳದ ಅಕ್ಷಾಂಶ, ರೇಖಾಂಶ ಓದಿಸಿ, ನಕ್ಷೆಯ ಮೇಲೆ ಸ್ಕೇಲಿಟ್ಟು ಗುರುತು ಹಾಕಿದೆ. ನಮ್ಮ ಓಣಿಯಿಂದ ಎರಡು, ಮೂರು ಮಿಲಿಮೀಟರ್ ಆಚೆ ಬಿದ್ದಿತು. "ಅಜ್ಜಾ, ನಿಮ್ಮ ನಕ್ಷೆ ತಪ್ಪದ," ಎಂದ ಹುಡುಗ. ತಪ್ಪಲ್ಲ, ಅದು ಎವರೆಸ್ಟನ ಭೂಮಿ, ಇದು ಉಪಗ್ರಹದ ಭೂಮಿ ಎಂದು ಅವನಿಗೆ ಅರ್ಧ ಗಂಟೆ ವಿವರಿಸಿದೆ. ಈ ಬಾರಿ "ಕುಂದ್ರು" ಎನ್ನಲಿಲ್ಲ.

1997ರ ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂರನೆಯ ಸಾಲಿನ ಆ ಹುಡುಗಿ ಈಗ ಎಲ್ಲಿದ್ದಾಳೆಂದು ಬಲ್ಲವರಿದ್ದರೆ, ಇದನ್ನು ಅವಳಿಗೆ ತಲುಪಿಸಿರಿ. ಸರ್ ಅಂದು ಹೇಳಿದ ರೇಡಾರ್ ಉತ್ತರಕ್ಕೆ ಅಂಕವಿಲ್ಲ ಎಂದು ತಿಳಿಸಿರಿ.